ಓಡಾಡುವ ಮನೆಗೆ ನೀರಿನ ಟ್ಯಾಂಕು

ಅಮೆರಿಕದಲ್ಲಿ ಹಳೆಯ ಸ್ಕೂಲ್ ಬಸ್ ಕೊಂಡು ಮನೆ ಮಾಡಿಕೊಳ್ಳುವವರು ಸೀಟುಗಳನ್ನು ಬಿಚ್ಚಿ ಹಾಕಿದ ಕೂಡಲೇ ಬರಿ ನೆಲದ ಮೇಲೆ ಟೇಪು ಅಂಟಿಸಿ ಗುರುತು ಹಾಕತೊಡಗುತ್ತಾರೆ. ಇಲ್ಲಿ ಮಂಚ, ಅಲ್ಲಿ ಒಲೆ, ಕಿಟಕಿ ಪಕ್ಕಕ್ಕೊಂದು ಮೇಜು, ಮಕ್ಕಳಿದ್ದರೆ ಮೇಲೊಂದು ಕೆಳಗೊಂದು ಹಾಸಿಗೆ. ನೀರಿನ ಟ್ಯಾಂಕಿನ ಸರದಿ ಬರುವುದು ಕೊನೆಗೆ, ಎಲ್ಲದಕ್ಕೂ ಜಾಗ ಹಂಚಿ ಮಿಕ್ಕ ಮೂಲೆಯಲ್ಲಿ. ಬಸ್ಸಿನ ಮನೆಯಲ್ಲಿ ಆಮೇಲೆ ಎದುರಾಗುವ ಎಷ್ಟೋ ತಾಪತ್ರಯಗಳ ಬೇರು ಇಲ್ಲಿಯೇ ಇದೆ. ಮಂಚವನ್ನು ನಾಳೆ ಎರಡಡಿ ಆಚೆ ಸರಿಸಬಹುದು. ನೀರು ತುಂಬಿದ ಟ್ಯಾಂಕು ಹಾಗಲ್ಲ. ಆ ಮನೆಯ ಸಾಮಾನುಗಳಲ್ಲೆಲ್ಲ ಅತಿ ಭಾರದ್ದು ಅದೇ, ಮತ್ತು ಅದಕ್ಕೆ ಒಪ್ಪುವ ಜಾಗ ಇಡೀ ಬಸ್ಸಿನಲ್ಲಿ ಒಂದೋ ಎರಡೋ.

ಲೆಕ್ಕ ಹಾಕಿದರೆ ವಿಷಯ ತಿಳಿಯಾಗುತ್ತದೆ. ಅಮೆರಿಕದ ಒಂದು ಗ್ಯಾಲನ್ ಎಂದರೆ 3.785 ಲೀಟರ್. ಬಸ್ಸಿನ ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ 100 ಗ್ಯಾಲನ್ ಟ್ಯಾಂಕಿನಲ್ಲಿ ಹಿಡಿಯುವುದು 378 ಲೀಟರ್ ನೀರು. ತೂಕ 378 ಕಿಲೋ, ಅಂದರೆ ಐದಾರು ದೊಡ್ಡವರ ತೂಕ. ಎಪ್ಪತ್ತು ಮಕ್ಕಳನ್ನು ಹೊರಲೆಂದು ಕಟ್ಟಿದ ಬಸ್ಸಿಗೆ ಇದೇನೂ ದೊಡ್ಡ ಹೊರೆಯಲ್ಲ. ಆದರೆ ಮಕ್ಕಳು ಬಸ್ಸಿನ ಉದ್ದಕ್ಕೂ ಎರಡು ಬದಿಗೂ ಹಂಚಿ ಕೂರುತ್ತಿದ್ದರು, ನೀರು ಒಂದೇ ಕಡೆ ಕೂರುತ್ತದೆ. ಡ್ರೈವರ್ ಬ್ರೇಕ್ ಒತ್ತಿದಾಗ ಮಕ್ಕಳು ಮುಂದಿನ ಸೀಟು ಹಿಡಿದುಕೊಳ್ಳುತ್ತಿದ್ದರು, ನೀರಿಗೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ.

ಈ ಹಳದಿ ಬಸ್ಸುಗಳದ್ದು ದೊಡ್ಡ ಚರಿತ್ರೆ. 1939ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿ ಫ್ರಾಂಕ್ ಸೈರ್ ಎಂಬ ಪ್ರಾಧ್ಯಾಪಕರು ಕರೆದ ಸಭೆಯಲ್ಲಿ ಶಾಲಾ ಬಸ್ಸಿನ ಅಳತೆ, ಕಟ್ಟುವ ಕ್ರಮ, ಬಣ್ಣ ಎಲ್ಲಕ್ಕೂ ದೇಶಕ್ಕೊಪ್ಪುವ ಮಾನದಂಡಗಳು ರೂಪುಗೊಂಡವು. ಮುಂಜಾನೆಯ ಮಬ್ಬಿನಲ್ಲೂ ಎದ್ದು ಕಾಣುವ ಆ ಹಳದಿ ಬಂದದ್ದು ಆಗಲೇ. ಹತ್ತು ಹದಿನೈದು ವರ್ಷ ಓಡಿದ ಬಸ್ಸುಗಳನ್ನು ಶಾಲೆಗಳು ಹರಾಜಿಗಿಡುತ್ತವೆ. ಉಕ್ಕಿನ ಪಕ್ಕೆಲುಬು, ಗಟ್ಟಿ ಚಾಸಿ, ಇನ್ನೂ ಓಡುವ ಡೀಸೆಲ್ ಎಂಜಿನ್ ಇರುವ ಗಾಡಿ ಸೋವಿಗೆ ಸಿಗುವುದರಿಂದ ಅದನ್ನು ಮನೆ ಮಾಡಿಕೊಳ್ಳುವ ಹವ್ಯಾಸ ಅಲ್ಲಿ ಬೇರುಬಿಟ್ಟಿದೆ. ಇಂಥ ಬಸ್ಸುಗಳನ್ನು ಅಲ್ಲಿನವರು ‘ಸ್ಕೂಲಿ’ ಎನ್ನುತ್ತಾರೆ. ಕಾದಂಬರಿಕಾರ ಕೆನ್ ಕೀಸಿ 1964ರಲ್ಲಿ ಗೆಳೆಯರನ್ನು ಕಟ್ಟಿಕೊಂಡು ಕ್ಯಾಲಿಫೋರ್ನಿಯಾದಿಂದ ನ್ಯೂಯಾರ್ಕಿಗೆ ಹೋದ ‘ಫರ್ದರ್’ ಎಂಬ ಬಣ್ಣಬಣ್ಣದ ಬಸ್ಸೂ 1939ರ ಮಾದರಿಯ ಸ್ಕೂಲ್ ಬಸ್ಸೇ. ಅದರ ಹಿಂದಿನ ಮಾಲೀಕರು ತಮ್ಮ ಮಕ್ಕಳ ದಂಡನ್ನು ರಜೆಗೆ ಕರೆದೊಯ್ಯಲೆಂದು ಅಡುಗೆಮನೆ, ಬಚ್ಚಲು ಮೊದಲೇ ಹಾಕಿಸಿದ್ದರು. 1970ರ ದಶಕದ ಆರಂಭದಲ್ಲಿ ಸ್ಟೀಫನ್ ಗ್ಯಾಸ್ಕಿನ್ ಅವರ ಹಿಂಬಾಲಕರು ಸ್ಯಾನ್ ಫ್ರಾನ್ಸಿಸ್ಕೋದಿಂದ ಬಸ್ಸುಗಳ ಸಾಲಿನಲ್ಲಿ ಹೊರಟು ಟೆನೆಸ್ಸಿ ರಾಜ್ಯದಲ್ಲಿ ನೆಲೆ ನಿಂತಾಗಲೂ ಮೊದಮೊದಲು ಬಸ್ಸುಗಳೇ ಅವರ ಮನೆಗಳಾಗಿದ್ದವು.

ಎಷ್ಟು ದೊಡ್ಡ ಟ್ಯಾಂಕು ಬೇಕು ಎಂಬುದು ಎಷ್ಟು ದಿನ ಊರಿಂದ ದೂರ ಇರುತ್ತೀರಿ ಎಂಬುದರ ಮೇಲೆ ನಿಂತಿದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೇಳುವಂತೆ ಅಲ್ಲಿನ ಒಬ್ಬ ವ್ಯಕ್ತಿ ಮನೆಯಲ್ಲಿ ದಿನಕ್ಕೆ ಸರಾಸರಿ 82 ಗ್ಯಾಲನ್, ಅಂದರೆ ಸುಮಾರು 310 ಲೀಟರ್ ನೀರು ಬಳಸುತ್ತಾನೆ. ಆ ರೂಢಿಯಲ್ಲೇ ಗಂಡ ಹೆಂಡತಿ ಬಸ್ ಹತ್ತಿದರೆ 378 ಲೀಟರಿನ ಟ್ಯಾಂಕು ಒಂದು ದಿನವೂ ಬಾರದು. ನಮ್ಮ ಜಲಜೀವನ್ ಮಿಷನ್ ಹಳ್ಳಿಗಳಿಗೆ ಇಟ್ಟುಕೊಂಡಿರುವ ಗುರಿ ತಲೆಗೆ 55 ಲೀಟರ್. ಆ ಪ್ರಕಾರ ಇಬ್ಬರಿಗೆ ಮೂರು ದಿನ ದಾಟಿ ಸ್ವಲ್ಪ ಮಿಗುತ್ತದೆ. ಇನ್ನು ಅಮೆರಿಕದ ಪಶ್ಚಿಮದ ರಾಜ್ಯಗಳಲ್ಲಿ ಕೇಂದ್ರ ಸರ್ಕಾರದ ಭೂ ನಿರ್ವಹಣಾ ಇಲಾಖೆಯ ಬಯಲುಗಳಿವೆ. ಅಲ್ಲಿ ಬಾಡಿಗೆಯಿಲ್ಲದೆ ಒಂದು ಕಡೆ ಸಾಮಾನ್ಯವಾಗಿ 14 ದಿನ ಬೀಡುಬಿಡಲು ಬಿಡುತ್ತಾರೆ. ನಲ್ಲಿ ಇರುವುದಿಲ್ಲ, ಬಾವಿ ಇರುವುದಿಲ್ಲ. 378 ಲೀಟರನ್ನು ಇಬ್ಬರು 14 ದಿನ ಹಂಚಿಕೊಂಡರೆ ತಲೆಗೆ ದಿನಕ್ಕೆ ಹದಿಮೂರೂವರೆ ಲೀಟರ್. ಕುಡಿಯಲು, ಅಡುಗೆಗೆ, ಪಾತ್ರೆಗೆ, ಮೈಗೆ ಎಲ್ಲ ಸೇರಿ.

ಈ ಸಂಖ್ಯೆ ಕೇಳಿ ಹೆದರಬೇಕಾಗಿಲ್ಲ. ಅಲ್ಲಿನ ಕಾನೂನು ಒಪ್ಪುವ ಸಾಧಾರಣ ಶವರ್ ನಿಮಿಷಕ್ಕೆ ಎರಡೂವರೆ ಗ್ಯಾಲನ್ ಸುರಿಸುತ್ತದೆ. ಎಂಟು ನಿಮಿಷ ಅದರಡಿ ನಿಂತರೆ 76 ಲೀಟರ್, ಟ್ಯಾಂಕಿನ ಐದನೇ ಒಂದು ಪಾಲು ಖಾಲಿ. ಅದಕ್ಕೇ ಬಸ್ಸಿನವರು ಹಡಗಿನ ನಾವಿಕರ ಪದ್ಧತಿ ಹಿಡಿಯುತ್ತಾರೆ. ಮೈ ನೆನೆಸಿ ನಲ್ಲಿ ನಿಲ್ಲಿಸಿ, ಸೋಪು ಹಚ್ಚಿ, ಮತ್ತೆ ತಿರುಗಿಸಿ ತೊಳೆದುಕೊಳ್ಳುವುದು. ಬಕೆಟ್ ಮತ್ತು ಚೊಂಬಿನಲ್ಲಿ ಸ್ನಾನ ಮಾಡಿ ಬೆಳೆದವರಿಗೆ ಇದರಲ್ಲಿ ಹೊಸತೇನೂ ಕಾಣುವುದಿಲ್ಲ. ನಲ್ಲಿಯ ಬಾಯಿಗೆ ಹಾಕುವ ಏರೇಟರ್ ಕೂಡ ಅಷ್ಟೇ. 2024ರ ಬೇಸಿಗೆಯಲ್ಲಿ ಬೆಂಗಳೂರು ಜಲಮಂಡಳಿ ಕಡ್ಡಾಯ ಮಾಡಿದ ಆ ಪುಟ್ಟ ಜಾಲರಿ ಬಸ್ಸಿನ ಸಿಂಕಿನಲ್ಲಿ ಅತಿ ಕಡಿಮೆ ಖರ್ಚಿನ ಉಳಿತಾಯ.

ನಮ್ಮ ಕಡೆ ಟ್ಯಾಂಕು ಎಂದ ಕೂಡಲೇ ಕಣ್ಣಿಗೆ ಬರುವುದು ತಾರಸಿ. ಗುಜರಾತಿನ ಸಿಂಟೆಕ್ಸ್ 1970ರ ದಶಕದ ನಡುವೆ ಪ್ಲಾಸ್ಟಿಕ್ ಟ್ಯಾಂಕು ತಂದ ಮೇಲೆ ಊರೂರಿನ ಮಹಡಿಗಳ ಮೇಲೆ ಅವು ಕೂತಿವೆ. ನೀರು ತನ್ನ ಭಾರದಿಂದಲೇ ಇಳಿದು ಬರುತ್ತದೆ, ಪಂಪಿನ ಕೆಲಸ ಮೇಲೇರಿಸುವುದಷ್ಟೆ. ಬಸ್ಸಿನ ಚಾವಣಿ ಮೇಲೂ ಹಾಗೆಯೇ ಇಟ್ಟರೆ? ಮೂರು ಮೀಟರ್ ಎತ್ತರದಲ್ಲಿ 378 ಕಿಲೋ ಹೊತ್ತ ಗಾಡಿ ತಿರುವಿನಲ್ಲಿ ವಾಲುತ್ತದೆ, ತಗ್ಗು ಸೇತುವೆಗೆ ತಗಲುತ್ತದೆ. ಅಷ್ಟಾಗಿಯೂ ನಲ್ಲಿಯಲ್ಲಿ ನೀರು ಜೋರಾಗಿ ಬರುವುದಿಲ್ಲ, ಏಕೆಂದರೆ ಚಾವಣಿಗೂ ನಲ್ಲಿಗೂ ಎರಡು ಮೀಟರಿನ ಅಂತರವೂ ಇರುವುದಿಲ್ಲ. ಕಪ್ಪು ಪೈಪಿನಲ್ಲಿ ಹತ್ತಿಪ್ಪತ್ತು ಲೀಟರ್ ತುಂಬಿ ಬಿಸಿಲಿಗೆ ಕಾಯಿಸಿಕೊಳ್ಳುವವರು ಇದ್ದಾರೆ. ಮನೆಯ ಮುಖ್ಯ ಟ್ಯಾಂಕು ಮಾತ್ರ ಕೆಳಗೇ ಇರಬೇಕು.

ಕೆಳಗೆ ಎಂದರೆ ಎಲ್ಲಿ? ಒಂದು ದಾರಿ, ಬಸ್ಸಿನ ಹೊಟ್ಟೆಯಡಿ ಚಾಸಿಗೆ ಆಂಗಲ್ ಕಬ್ಬಿಣದ ಚೌಕಟ್ಟು ಬಿಗಿದು ತೂಗುಹಾಕುವುದು. ಭಾರ ನೆಲಕ್ಕೆ ಹತ್ತಿರ ಇರುತ್ತದೆ, ಒಳಗಿನ ಜಾಗ ಪೂರ್ತಿ ಉಳಿಯುತ್ತದೆ. ಆದರೆ ಅಲ್ಲಿ ಪ್ರೊಪೆಲ್ಲರ್ ಶಾಫ್ಟ್ ತಿರುಗುತ್ತಿರುತ್ತದೆ, ಸೈಲೆನ್ಸರ್ ಪೈಪು ಕಾದಿರುತ್ತದೆ, ರಸ್ತೆಯ ಕಲ್ಲು ಸಿಡಿಯುತ್ತದೆ, ಚಳಿಗಾಲದಲ್ಲಿ ಟ್ಯಾಂಕು ಹೊರಗಿನ ಗಾಳಿಗೇ ಮೈಯೊಡ್ಡಿ ನಿಂತಿರುತ್ತದೆ. ಇನ್ನೊಂದು ದಾರಿ, ಒಳಗೆ ಮಂಚದಡಿಯೋ ಬೆಂಚಿನಡಿಯೋ ಇಡುವುದು. ಜಾಗ ತಿನ್ನುತ್ತದೆ ನಿಜ. ಆದರೂ ಹಿಮ ಬೀಳುವ ದೇಶದಲ್ಲಿ ಇದೇ ಮೇಲು: ಮನೆಯವರನ್ನು ಬೆಚ್ಚಗಿಡುವ ಹೀಟರ್ ನೀರನ್ನೂ ಕಾಯುತ್ತದೆ, ಸೋರಿದರೆ ಕಣ್ಣಿಗೆ ಬೀಳುತ್ತದೆ, ಕೈಗೆ ಎಟುಕುತ್ತದೆ.

ಎಲ್ಲಿಟ್ಟರೂ ಹಿಂದಿನ ಆಕ್ಸಲಿನ ಆಸುಪಾಸಿನಲ್ಲಿ, ಸಾಧ್ಯವಾದರೆ ಅದಕ್ಕಿಂತ ತುಸು ಮುಂದೆ ಇರಬೇಕು. ಸ್ಕೂಲ್ ಬಸ್ಸುಗಳಲ್ಲಿ ಹಿಂದಿನ ಚಕ್ರ ದಾಟಿ ದೇಹ ಬಹಳ ಉದ್ದ ಚಾಚಿಕೊಂಡಿರುತ್ತದೆ. ಆ ಬಾಲದ ತುದಿಯಲ್ಲಿ ಟ್ಯಾಂಕು ಕೂರಿಸಿದರೆ ಅದು ಸನ್ನೆಗೋಲಾಗಿ ಮುಂದಿನ ಚಕ್ರಗಳನ್ನು ಹಗುರ ಮಾಡುತ್ತದೆ, ಸ್ಟೇರಿಂಗ್ ಹಿಡಿತ ತಪ್ಪುತ್ತದೆ. ಎಡಬಲದ ಲೆಕ್ಕವೂ ಉಂಟು. ಟ್ಯಾಂಕು ಎಡಕ್ಕೆ ಬಂದರೆ ಬ್ಯಾಟರಿಗಳು ಬಲಕ್ಕೆ. ಇಲ್ಲಿ ಹಲವರು ಮರೆಯುವ ಸಂಗತಿ ಒಂದಿದೆ: ಬ್ಯಾಟರಿಯ ತೂಕ ಎಂದೂ ಅಷ್ಟೇ, ನೀರಿನ ತೂಕ ದಿನೇ ದಿನೇ ಇಳಿಯುತ್ತದೆ. ಹೊರಟ ದಿನ ಸಮವಾಗಿದ್ದ ಬಸ್ಸು ಹತ್ತನೇ ದಿನ ಇನ್ನೊಂದು ಕಡೆಗೆ ವಾಲಬಹುದು. ಟ್ಯಾಂಕು ಅಗಲದ ನಡುಭಾಗಕ್ಕೆ ಹತ್ತಿರವಿದ್ದಷ್ಟೂ ಈ ಏರುಪೇರು ಕಡಿಮೆ.

ಟ್ಯಾಂಕು ಆರಿಸುವಾಗ ಅಗ್ಗದ ಆಸೆ ಒಳ್ಳೆಯದಲ್ಲ. ಕುಡಿಯುವ ನೀರಿಗೆಂದೇ ಮಾಡಿದ ಪಾಲಿಎಥಿಲೀನ್ ಟ್ಯಾಂಕುಗಳು ಅಲ್ಲಿ ಹೇರಳವಾಗಿ ಸಿಗುತ್ತವೆ. ಎನ್‌ಎಸ್‌ಎಫ್ 61 ಎಂಬ ಮಾನದಂಡದ ಗುರುತು ನೋಡಿ ಕೊಳ್ಳುವುದು ವಾಡಿಕೆ. ಕಾರ್ಖಾನೆಗಳು ಬಳಸಿ ಬಿಟ್ಟ, ಕಬ್ಬಿಣದ ಪಂಜರದೊಳಗಿನ ಸಾವಿರ ಲೀಟರಿನ ಬಿಳಿ ಡಬ್ಬಗಳು ಕಡಿಮೆ ಬೆಲೆಗೆ ಸಿಗುತ್ತವೆ ಎಂದು ತರುವವರಿದ್ದಾರೆ. ಅದರಲ್ಲಿ ಮೊದಲು ಏನಿತ್ತು ಎಂಬುದು ಖಚಿತವಾಗಿ ತಿಳಿಯದಿದ್ದರೆ ಎಷ್ಟು ತೊಳೆದರೂ ಕುಡಿಯಲು ಬಳಸಬಾರದು. ತುಂಬಿದರೆ ಅದು ಒಂದು ಟನ್ ತೂಗುತ್ತದೆ ಎಂಬುದು ಬೇರೆ ಮಾತು. ಬೆಳಕು ಬಿದ್ದರೆ ಪಾಚಿ ಕಟ್ಟುತ್ತದೆ, ಆದ್ದರಿಂದ ಅರೆಪಾರದರ್ಶಕ ಬಿಳಿ ಟ್ಯಾಂಕಾದರೆ ಕತ್ತಲಿನ ಪೆಟ್ಟಿಗೆಯೊಳಗೆ ಇರಬೇಕು.

ಪ್ಲಾಸ್ಟಿಕ್ ಟ್ಯಾಂಕು ತನ್ನ ಕಾಲ ಮೇಲೆ ತಾನು ನಿಲ್ಲುವ ವಸ್ತುವಲ್ಲ. ತುಂಬಿದಾಗ ಗೋಡೆಗಳು ಉಬ್ಬುತ್ತವೆ, ತಳ ಜೋಲುತ್ತದೆ. ತಳದಡಿ ಸಂದಿಲ್ಲದ ಸಮತಟ್ಟಾದ ಹಲಗೆ, ನಾಲ್ಕೂ ಬದಿಗೆ ಆತುಕೊಳ್ಳುವ ಚೌಕಟ್ಟು, ಮೇಲೆ ಉಕ್ಕಿನ ಪಟ್ಟಿ, ಇಷ್ಟಾದರೂ ಬೇಕು. ಆ ಪಟ್ಟಿಯ ಬೋಲ್ಟುಗಳು ಪ್ಲೈವುಡ್ಡಿಗೆ ಕಚ್ಚಿಕೊಂಡಿದ್ದರೆ ಸಾಲದು, ಕೆಳಗಿನ ಉಕ್ಕಿನ ನೆಲವನ್ನು ತೂರಿ ಹೋಗಿರಬೇಕು. ಗಟ್ಟಿಯಾಗಿ ಬ್ರೇಕ್ ಹಾಕಿದಾಗ ಟ್ಯಾಂಕು ತನ್ನ ತೂಕದ ಅರ್ಧದಷ್ಟು ಬಲದಿಂದ ಮುಂದಕ್ಕೆ ನುಗ್ಗುತ್ತದೆ. ಆ ಹೊತ್ತಿನಲ್ಲಿ ಅದರ ಮುಂದೆ ಇರುವವರು ಮನೆಯವರೇ. ಇನ್ನು ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ. ಅಪಾಯ ಇರುವುದು ಅರ್ಧ ತುಂಬಿದಾಗ. ಲೇನ್ ಬದಲಿಸುವಾಗ ನೀರು ಒಂದು ಬದಿಗೆ ಹೊರಳಿ, ಬಸ್ಸು ನೆಟ್ಟಗಾದ ಮೇಲೆ ತಡವಾಗಿ ಇನ್ನೊಂದು ಬದಿಗೆ ಹೊಡೆಯುತ್ತದೆ. ದೊಡ್ಡ ಟ್ಯಾಂಕುಗಳೊಳಗೆ ತೂತುಗಳಿರುವ ಅಡ್ಡಗೋಡೆ ಇರುವುದು ಈ ಹೊಡೆತ ಮುರಿಯಲು. ಅದು ಇಲ್ಲದಿದ್ದರೆ ಒಂದು ದೊಡ್ಡದರ ಬದಲು ಎರಡು ಸಣ್ಣ ಟ್ಯಾಂಕು ಇಡುವುದು ಜಾಣತನ.

ಇನ್ನು ತೂತುಗಳ ವಿಚಾರ. ತುಂಬಿಸಲು ಒಂದೂಕಾಲು ಅಥವಾ ಒಂದೂವರೆ ಇಂಚಿನ ಬಾಯಿ, ಪಂಪಿಗೆ ಹೋಗಲು ತಳದ ಹತ್ತಿರ ಒಂದು, ಪೂರ್ತಿ ಬರಿದು ಮಾಡಲು ಎಲ್ಲಕ್ಕಿಂತ ಕೆಳಗೊಂದು, ಗಾಳಿಗೆ ನೆತ್ತಿಯಲ್ಲೊಂದು. ಈ ಕೊನೆಯದನ್ನು ಹಲವರು ಹಗುರವಾಗಿ ಎಣಿಸುತ್ತಾರೆ. ನೀರು ಒಳಬರಬೇಕಾದರೆ ಅಷ್ಟೇ ಗಾಳಿ ಹೊರಹೋಗಬೇಕಲ್ಲ. ಗಾಳಿಪೈಪು ಸಣ್ಣದಾಗಿದ್ದರೆ, ಅಥವಾ ನಡುವೆ ಜೋಲುಬಿದ್ದು ಅಲ್ಲಿ ನೀರು ನಿಂತಿದ್ದರೆ, ಹೊರಗೆ ಹೋಸ್ ಹಿಡಿದು ನಿಂತವರಿಗೆ ಮೊದಲು ಗೊಳಗೊಳ ಸದ್ದು ಕೇಳಿಸುತ್ತದೆ, ಮರುಕ್ಷಣ ತುಂಬಿಸುವ ಬಾಯಿಯಿಂದ ನೀರು ವಾಪಸು ಮುಖಕ್ಕೆ ಚಿಮ್ಮುತ್ತದೆ. ಟ್ಯಾಂಕು ತುಂಬಿತೆಂದು ಮುಚ್ಚಳ ಹಾಕಿ ಹೊರಟವರು ಮೂರನೇ ದಿನ ನೀರಿಲ್ಲದೆ ಕೂರುತ್ತಾರೆ, ಏಕೆಂದರೆ ತುಂಬಿದ್ದು ಅರ್ಧ ಮಾತ್ರ. ಗಾಳಿಪೈಪು ಅರ್ಧ ಇಂಚಿಗಿಂತ ಕಡಿಮೆ ಇರಬಾರದು, ಉದ್ದಕ್ಕೂ ಮೇಲ್ಮುಖವಾಗಿಯೇ ಸಾಗಬೇಕು, ಹೊರತುದಿಗೆ ಹುಳ ನುಗ್ಗದಂತೆ ಜಾಲರಿ ಇರಬೇಕು.

ನಮ್ಮ ತಾರಸಿಯ ಟ್ಯಾಂಕು ಕೊಡುವ ರಭಸವನ್ನು ಬಸ್ಸಿನಲ್ಲಿ 12 ವೋಲ್ಟಿನ ಪುಟ್ಟ ಡಯಾಫ್ರಂ ಪಂಪು ಕೊಡುತ್ತದೆ. ಶರ್‌ಫ್ಲೋ ಕಂಪನಿಯ ಬಹು ಬಳಕೆಯ ಮಾದರಿ ನಿಮಿಷಕ್ಕೆ 3 ಗ್ಯಾಲನ್ ತಳ್ಳುತ್ತದೆ, ಒತ್ತಡ 55 ಪಿಎಸ್‌ಐ ಮುಟ್ಟಿದಾಗ ತಾನೇ ನಿಲ್ಲುತ್ತದೆ. ಅಂಗೈಯಗಲದ ಆ ಯಂತ್ರದ ಒತ್ತಡವನ್ನು ಗುರುತ್ವದಿಂದ ಪಡೆಯಬೇಕಾದರೆ ಟ್ಯಾಂಕನ್ನು ಸುಮಾರು 38 ಮೀಟರ್ ಎತ್ತರದಲ್ಲಿ, ಅಂದರೆ ಹನ್ನೆರಡು ಅಂತಸ್ತಿನ ಕಟ್ಟಡದ ಮೇಲೆ ಇಡಬೇಕಾಗುತ್ತಿತ್ತು. ವಿದ್ಯುತ್ತಿನ ಚಿಂತೆಯೂ ಬೇಡ. ಓಡುವಾಗ ಏಳೆಂಟು ಆಂಪಿಯರ್ ಎಳೆದರೂ ನೂರು ಲೀಟರ್ ಎತ್ತಲು ಒಂಬತ್ತು ನಿಮಿಷ ಸಾಕು. ಪಂಪಿನ ಮುಂಚೆ ಕಸ ಹಿಡಿಯುವ ಜಾಲರಿ ತಪ್ಪದೇ ಬೇಕು; ಟ್ಯಾಂಕು ಕೊರೆದಾಗ ಒಳಗುಳಿದ ಪ್ಲಾಸ್ಟಿಕ್ ಚೂರೊಂದೇ ಸಾಕು ಹೊಸ ಪಂಪು ಕೆಡಲು. ಅಲ್ಲಿಂದ ಮುಂದೆ ಪೆಕ್ಸ್ ಪೈಪು: ತಣ್ಣೀರಿಗೆ ನೀಲಿ, ಬಿಸಿನೀರಿಗೆ ಕೆಂಪು. ಅದು ಬಾಗುತ್ತದೆ, ಓಡುವ ಗಾಡಿಯ ಕುಲುಕಾಟ ತಡೆಯುತ್ತದೆ.

ಈ ಪಂಪು ಮನೆ ಕಾಯುವ ಕೆಲಸವನ್ನೂ ಮಾಡುತ್ತದೆ. ರಾತ್ರಿ ಯಾರೂ ನಲ್ಲಿ ಮುಟ್ಟದಿದ್ದರೂ ಮಂಚದಡಿ ಅದು ಒಂದು ಕ್ಷಣ ಗುರ್ ಎಂದು ಸುಮ್ಮನಾದರೆ, ಅರ್ಧ ಗಂಟೆ ಬಿಟ್ಟು ಮತ್ತೆ ಗುರ್ ಎಂದರೆ, ಒತ್ತಡ ಎಲ್ಲೋ ಇಳಿಯುತ್ತಿದೆ ಎಂದರ್ಥ. ಜಾಯಿಂಟ್ ಜಿನುಗುತ್ತಿರಬಹುದು, ಇಲ್ಲವೇ ಪಂಪಿನೊಳಗಿನ ವಾಲ್ವ್ ಸವೆದು ನೀರು ಟ್ಯಾಂಕಿಗೆ ಹಿಂದಿರುಗುತ್ತಿರಬಹುದು. ಅನುಭವಿಗಳು ಆಗಲೇ ಎದ್ದು ಸ್ವಿಚ್ ಆರಿಸಿ, ಬೆಳಗ್ಗೆ ಪ್ರತಿ ಜಾಯಿಂಟಿಗೂ ಒಣ ಟಿಶ್ಯೂ ಕಾಗದ ಒತ್ತಿ ನೋಡುತ್ತಾರೆ. ಕಣ್ಣಿಗೆ ಕಾಣದ ಹನಿಯೂ ಕಾಗದದ ಮೇಲೆ ಕಾಣುತ್ತದೆ.

ಬಾಡಿಗೆಯ ಕ್ಯಾಂಪ್ ಜಾಗಗಳಲ್ಲಿ ಹೊರಗಿನ ನಲ್ಲಿಯಿಂದ ನೇರವಾಗಿ ಬಸ್ಸಿನ ಪೈಪಿಗೆ ನೀರು ಕೊಡಬಹುದು, ಟ್ಯಾಂಕು ಪಂಪು ಎರಡಕ್ಕೂ ವಿರಾಮ. ಕೆಲವು ಕಡೆ ಆ ನೀರಿನ ಒತ್ತಡ ಬಸ್ಸಿನ ಪೈಪು ತಾಳುವುದಕ್ಕಿಂತ ಹೆಚ್ಚಿರುವುದರಿಂದ 45–50 ಪಿಎಸ್‌ಐಗೆ ಇಳಿಸುವ ಹಿತ್ತಾಳೆಯ ರೆಗ್ಯುಲೇಟರನ್ನು ನಲ್ಲಿಯ ಬಾಯಿಗೇ ಹಾಕುತ್ತಾರೆ. ನೀರು ಪಂಪಿನ ಕಡೆಗೆ ಹಿಮ್ಮುಖವಾಗಿ ಹರಿಯದಂತೆ ತಡೆಯುವ ಎನ್‌ಆರ್‌ವಿ (ನಾನ್ ರಿಟರ್ನ್ ವಾಲ್ವ್) ಇಲ್ಲದಿದ್ದರೆ ಅಥವಾ ಕೆಟ್ಟಿದ್ದರೆ ಹೊರಗಿನ ನೀರು ಸದ್ದಿಲ್ಲದೆ ಟ್ಯಾಂಕಿಗೆ ನುಗ್ಗಿ, ಗಾಳಿಪೈಪಿನಲ್ಲಿ ಉಕ್ಕುತ್ತದೆ.

ನೀರು ಹಿಡಿಯುವ ರೀತಿಯಲ್ಲೂ ಎಚ್ಚರ ಬೇಕು. ತೋಟಕ್ಕೆ ಬಿಡುವ ಹೋಸ್ ಸಲ್ಲದು. ಕುಡಿಯುವ ನೀರಿಗೆಂದೇ ಮಾಡಿದ ಹೋಸ್ ಬೇರೆ ಸಿಗುತ್ತದೆ. ಕೊಳೆ ಖಾಲಿ ಮಾಡುವ ಜಾಗದಲ್ಲಿ ಹೋಸ್ ತೊಳೆಯಲು ಇಟ್ಟ ನಲ್ಲಿಯನ್ನು ಟ್ಯಾಂಕಿಗೆ ಮುಟ್ಟಿಸಲೇಬಾರದು. ಕುಡಿಯುವ ನೀರಿನ ನಲ್ಲಿಯಾದರೂ ಬ್ಲೀಚ್ ಹಾಕಿದ ಬಟ್ಟೆಯಿಂದ ಅದರ ಬಾಯಿ ಒರೆಸಿ, ಒಂದಿಷ್ಟು ನೀರು ಹರಿಯಬಿಟ್ಟು ಆಮೇಲೆ ಹಿಡಿಯಬೇಕು. ಹೊಸ ಟ್ಯಾಂಕನ್ನೂ, ತಿಂಗಳುಗಟ್ಟಲೆ ನಿಂತ ಟ್ಯಾಂಕನ್ನೂ ಶುದ್ಧಿ ಮಾಡಲು ಅಲ್ಲಿ ರೂಢಿಯಲ್ಲಿರುವ ಅಳತೆ 57 ಲೀಟರಿಗೆ ಸುಮಾರು 60 ಮಿಲಿಲೀಟರ್ ವಾಸನೆಯಿಲ್ಲದ ಸಾದಾ ಬ್ಲೀಚ್. ಅದನ್ನು ನೀರಿನಲ್ಲಿ ಕದಡಿ ತುಂಬಿಸಿ, ಪ್ರತಿ ನಲ್ಲಿಯಲ್ಲೂ ಕ್ಲೋರಿನ್ ವಾಸನೆ ಬರುವವರೆಗೆ ಹರಿಸಿ, ಕೆಲವು ಗಂಟೆ ಬಿಟ್ಟು, ವಾಸನೆ ಹೋಗುವವರೆಗೆ ಚೆನ್ನಾಗಿ ತೊಳೆಯುವುದು. ಇದ್ದಿಲಿನ ಫಿಲ್ಟರನ್ನು ಟ್ಯಾಂಕಿನ ಮುಂಚೆ ಹಾಕುವವರು ಹಲವರು. ಅದು ತಪ್ಪು ಜಾಗ. ಇದ್ದಿಲು ಕ್ಲೋರಿನ್ನನ್ನು ಹೀರಿಬಿಡುವುದರಿಂದ ಟ್ಯಾಂಕಿನಲ್ಲಿ ದಿನಗಟ್ಟಲೆ ನಿಲ್ಲುವ ನೀರಿಗೆ ಕಾವಲೇ ಇಲ್ಲದಾಗುತ್ತದೆ. ಕಸ ತಡೆಯುವ ಫಿಲ್ಟರ್ ಮುಂಚೆ, ಇದ್ದಿಲಿನದು ಅಡುಗೆಮನೆಯ ನಲ್ಲಿಯ ಹತ್ತಿರ. ಬಿಸಿಲಲ್ಲಿ ಕಾದು ನಿಂತ ನೀರನ್ನಂತೂ ನಂಬಬಾರದು. ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ 25ರಿಂದ 45 ಡಿಗ್ರಿಯ ಬೆಚ್ಚಗಿನ ನೀರಲ್ಲಿ ಚೆನ್ನಾಗಿ ಬೆಳೆಯುತ್ತದೆ.

ಒಳಬಂದ ನೀರು ಹೊರಹೋಗಲೇಬೇಕು. ಸಿಂಕು, ಬಚ್ಚಲಿನ ನೀರಿಗೆ ಇನ್ನೊಂದು ಟ್ಯಾಂಕು ಬೇಕು, ಅದು ಮೊದಲನೆಯದಕ್ಕಿಂತ ತೀರ ಚಿಕ್ಕದಿದ್ದರೆ ನೀರಿದ್ದೂ ಬಳಸಲಾಗದು. ಅರಿಜೋನಾದ ಕ್ವಾರ್ಟ್ಸೈಟ್ ಮರುಭೂಮಿಯಲ್ಲಿ ಚಳಿಗಾಲ ಕಳೆಯಲು ಸಾವಿರಾರು ಚಕ್ರದ ಮನೆಗಳು ಸೇರುತ್ತವೆ. ‘ನೊಮ್ಯಾಡ್‌ಲ್ಯಾಂಡ್’ ಸಿನಿಮಾ ನೋಡಿದವರಿಗೆ ಆ ಬಯಲಿನ ಪರಿಚಯವಿದೆ. ಅಲ್ಲಿನ ದೀರ್ಘಾವಧಿ ಬೀಡುಗಳಲ್ಲಿ ನೀರು ಹಿಡಿಯಲು, ಕೊಳೆ ಸುರಿಯಲು ಗೊತ್ತಾದ ಕಟ್ಟೆಗಳಿದ್ದು, ಬಸ್ಸುಗಳು ಎರಡೂ ಕೆಲಸವನ್ನು ಒಂದೇ ಸುತ್ತಿನಲ್ಲಿ ಮುಗಿಸಿಕೊಳ್ಳುತ್ತವೆ.

ಭಾರತದಲ್ಲಿ ಇದನ್ನು ನೋಡಿ ಹುಮ್ಮಸ್ಸು ಬಂದವರು ಮೊದಲು ಆರ್‌ಟಿಒ ಕಚೇರಿಗೆ ಹೋಗಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನೋಂದಣಿಯಲ್ಲಿರುವ ವಿವರಕ್ಕೆ ಹೊಂದದ ಮಾರ್ಪಾಡನ್ನು ಒಪ್ಪುವುದಿಲ್ಲ. ನಮ್ಮಲ್ಲಿ ಬಸ್ಸಿನ ರೂಪ ಬದಲಿಸಿ ಗಮನ ಸೆಳೆದದ್ದು ಸಾರಿಗೆ ನಿಗಮವೇ. 2020ರಲ್ಲಿ ಕೆಎಸ್‌ಆರ್‌ಟಿಸಿ ಹಳೆಯ ಬಸ್ಸೊಂದನ್ನು ಮಹಿಳೆಯರ ಶೌಚಾಲಯವಾಗಿ ಮಾರ್ಪಡಿಸಿ ಮೆಜೆಸ್ಟಿಕ್ಕಿನ ಕೆಂಪೇಗೌಡ ಬಸ್ ನಿಲ್ದಾಣದಲ್ಲಿ ನಿಲ್ಲಿಸಿತು. ಕೈ ತೊಳೆಯುವ ಬೇಸಿನ್, ತಾಯಂದಿರು ಮಗುವಿಗೆ ಹಾಲೂಡಿಸುವ ಜಾಗವೂ ಅದರಲ್ಲಿತ್ತು. ನಿಂತೇ ಇರುವ ಬಸ್ಸಿಗೆ ಬ್ರೇಕಿನ ಚಿಂತೆ, ತುಳುಕಾಟದ ಚಿಂತೆ ಇಲ್ಲ. ನೀರು ಬರುವ ಮತ್ತು ಹೋಗುವ ದಾರಿಯ ಚಿಂತೆ ಮಾತ್ರ ಓಡುವ ಬಸ್ಸಿಗಿಂತ ಹೆಚ್ಚು.

ಹಿಮದ ನಾಡಿನಲ್ಲಿ ಇನ್ನೂ ಒಂದು ಪರೀಕ್ಷೆ ಉಂಟು. ನೀರು ಮಂಜುಗಡ್ಡೆಯಾದರೆ ಸುಮಾರು ಶೇಕಡ 9ರಷ್ಟು ಹಿಗ್ಗುತ್ತದೆ. ಪೆಕ್ಸ್ ಪೈಪು ಒಂದಿಷ್ಟು ಸಹಿಸುತ್ತದೆ, ಪಂಪು, ಫಿಲ್ಟರು, ಹಿತ್ತಾಳೆಯ ಜಾಯಿಂಟುಗಳು ಬಿರಿಯುತ್ತವೆ. ಬಸ್ಸನ್ನು ಚಳಿಗೆ ನಿಲ್ಲಿಸಿ ಹೋಗುವವರು ಟ್ಯಾಂಕು ಬರಿದು ಮಾಡಿ, ಪೈಪುಗಳಲ್ಲಿ ಗುಲಾಬಿ ಬಣ್ಣದ ಪ್ರೊಪಿಲೀನ್ ಗ್ಲೈಕಾಲ್ ದ್ರಾವಣ ಓಡಿಸುತ್ತಾರೆ. ಕಾರಿನ ರೇಡಿಯೇಟರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ವಿಷ, ಕುಡಿಯುವ ನೀರಿನ ಪೈಪಿಗೆ ಅದನ್ನು ಎಂದೂ ಹಾಕಬಾರದು.

ಇಷ್ಟೆಲ್ಲ ಕೂರಿಸಿದ ಮೇಲೆ, ಗೋಡೆಗೆ ಹಲಗೆ ಹೊಡೆಯುವ ಮುಂಚೆ ಟ್ಯಾಂಕನ್ನು ಕಂಠಮಟ್ಟ ತುಂಬಿಸಿ ಒಂದು ಸುತ್ತು ಓಡಿಸುವುದು ಒಳ್ಳೆಯದು. ಹೆದ್ದಾರಿ ಪಕ್ಕದ ಟ್ರಕ್ ತಂಗುದಾಣಗಳಲ್ಲಿರುವ ವೇಬ್ರಿಡ್ಜ್ ಪ್ರತಿ ಆಕ್ಸಲಿನ ತೂಕವನ್ನು ಬೇರೆಬೇರೆಯಾಗಿ ಚೀಟಿಯಲ್ಲಿ ಬರೆದುಕೊಡುತ್ತದೆ. ಡ್ರೈವರ್ ಸೀಟಿನ ಬಳಿ ಅಂಟಿಸಿದ ತಯಾರಕರ ಫಲಕದಲ್ಲಿ ಪ್ರತಿ ಆಕ್ಸಲಿಗೂ ಮಿತಿ ನಮೂದಾಗಿರುತ್ತದೆ. ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಬೇಕು. ಎಡಬಲದ ವಾಲುವಿಕೆ ಆ ಚೀಟಿಯಲ್ಲಿ ಸಿಗದು. ಅದಕ್ಕೆ ಸಮತಟ್ಟಾದ ನೆಲದ ಮೇಲೆ ಬಸ್ಸು ನಿಲ್ಲಿಸಿ, ಎರಡೂ ಬದಿಯ ಚಕ್ರದ ಕಮಾನಿನಿಂದ ನೆಲದವರೆಗೆ ಟೇಪು ಹಿಡಿದು ಅಳೆಯುತ್ತಾರೆ, ಟ್ಯಾಂಕು ತುಂಬಿದಾಗ ಒಮ್ಮೆ, ಬರಿದಾದಾಗ ಒಮ್ಮೆ. ಅಳತೆಗಳು ತೀರ ಬೇರೆಯಾಗಿದ್ದರೆ ಟ್ಯಾಂಕಿನ ಪಟ್ಟಿ ಸಡಿಲಿಸಿ ಸರಿಸಲು ಅದೇ ಸರಿಯಾದ ಸಮಯ. ಮಂಚ, ಕಪಾಟು, ಒಲೆಗಳ ಕೆಲಸ ಅದಾದ ಮೇಲೆ.